ನಡೆಯುವ ಚುಕ್ಕಿ, ನಿಂತ ಚುಕ್ಕಿ

ಸಂಜೆ ಕತ್ತಲಾದ ಮೇಲೆ ಮನೆಯ ಮಾಳಿಗೆಯ ಮೇಲೋ ಅಂಗಳದಲ್ಲೋ ನಿಂತು ಆಕಾಶವನ್ನು ನೋಡುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಉಳಿದಿದ್ದೀತು. ಹಾಗೆ ನೋಡುತ್ತಿರುವಾಗ ಒಂದು ಚುಕ್ಕಿ ಮಾತ್ರ ತನ್ನ ನೆರೆಹೊರೆಯ ಚುಕ್ಕಿಗಳನ್ನು ಬಿಟ್ಟು, ಸದ್ದಿಲ್ಲದೆ, ಮಿನುಗದೆ, ಒಂದೇ ಸಮನಾದ ನಡಿಗೆಯಲ್ಲಿ ಆಕಾಶವನ್ನು ಹಾಯ್ದು ಹೋದುದನ್ನು ನೀವು ಕಂಡಿರಬಹುದು. ಅದು ವಿಮಾನವಲ್ಲ, ಉಲ್ಕೆಯೂ ಅಲ್ಲ. ಮನುಷ್ಯನು ಹಾರಿಸಿದ ಕೃತಕ ಉಪಗ್ರಹ. ಅದನ್ನು ನಮ್ಮ ನಮ್ಮ ಊರಿನಲ್ಲಿಯೇ ನಿಂತು ಗುರುತಿಸುವುದು ಹೇಗೆ, ಹಾಗೆ ಗುರುತಿಸುವುದರಿಂದ ನಮಗೆ ದೊರೆಯುವುದೇನು ಎಂಬ ಬಗ್ಗೆ ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಈ ಕೆಲಸಕ್ಕೆ ದೂರದರ್ಶಕ ಬೇಕಿಲ್ಲ, ವಿಜ್ಞಾನದ ಪದವಿಯೂ ಬೇಕಿಲ್ಲ. ಒಂದು ಚಾಪೆ, ಒಂದಿಷ್ಟು ಕತ್ತಲೆ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ನಾನು ಇಂಥ ಚುಕ್ಕಿಯನ್ನು ಮೊದಲು ಕಂಡದ್ದು ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಕಣದಲ್ಲಿ. ಅದು 1960ರ ದಶಕದ ಮೊದಲ ವರ್ಷಗಳ ಮಾತು. ನನಗೆ ಆಗ ಹತ್ತು ವರ್ಷವಿರಬಹುದು. ಮಾಘ ಮಾಸ. ರಾಗಿಯ ಒಕ್ಕಣೆ ಇನ್ನೂ ಮುಗಿದಿರಲಿಲ್ಲ. ರಾತ್ರಿ ಕಣ ಕಾಯಲು ಹೋಗುತ್ತಿದ್ದ ತಾತನ ಕಂಬಳಿಯೊಳಗೆ ನಾನೂ ಸೇರಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ತಾತನಿಗೆ ಅದರ ಅಗತ್ಯವೂ ಇರಲಿಲ್ಲ. ಕೃತ್ತಿಕೆ ಎಷ್ಟು ವಾಲಿದೆ, ಮಘೆ ಎಷ್ಟು ಮೇಲೆ ಬಂದಿದೆ ಎಂದು ನೋಡಿ ರಾತ್ರಿ ಎಷ್ಟು ಕಳೆಯಿತೆಂಬುದನ್ನು ಅವರು ಹೇಳಬಲ್ಲವರಾಗಿದ್ದರು.

ಒಂದು ರಾತ್ರಿ ಪಡುವಣ ಕಡೆಯಿಂದ ದೊಡ್ಡದೊಂದು ನಕ್ಷತ್ರ ಎದ್ದು ನೆತ್ತಿಯತ್ತ ನಡೆದು ಬಂದಿತು. ತಾತ ಎದ್ದು ಕುಳಿತರು. ಚಂದ್ರ, ಗುರು, ಶುಕ್ರ ಮೊದಲಾದವರು ನಕ್ಷತ್ರಗಳ ನಡುವೆ ಅಲೆಯುವುದನ್ನು ಅವರು ಕಂಡವರೇ. ಆದರೆ ಆ ಅಲೆದಾಟಕ್ಕೆ ದಿನಗಳು ಬೇಕು, ತಿಂಗಳುಗಳು ಬೇಕು. “ಇದ್ಯಾರಪ್ಪ ಇಷ್ಟು ಅವಸರದವನು?” ಎಂದರು.

ಮಾರನೆಯ ದಿನ ಶಾಲೆಯ ಮೇಷ್ಟರು ಪತ್ರಿಕೆಯನ್ನು ನೋಡಿ, ಅದು ಅಮೆರಿಕದವರು ಹಾರಿಸಿದ ಬಲೂನು ಎಂದು ಹೇಳಿದರು. ನಾನು ಓಡಿಬಂದು ತಾತನಿಗೆ ಸುದ್ದಿ ಮುಟ್ಟಿಸಿದೆ. ಅವರು ನಂಬಲೂ ಇಲ್ಲ, ನಗಲೂ ಇಲ್ಲ. “ಮನುಷ್ಯರೇ ಬಿಟ್ಟಿದ್ದು ಅಂದ ಮೇಲೆ ಅದು ಬರೋ ಹೊತ್ತು ಅವರಿಗೆ ಗೊತ್ತಿರಬೇಕು. ಇನ್ನು ಯಾವತ್ತು, ಎಷ್ಟೊತ್ತಿಗೆ ಬರುತ್ತೆ ಕೇಳಿಕೊಂಡು ಬಾ” ಎಂದರು. ಮೇಷ್ಟರು ಕೊಟ್ಟ ಹೊತ್ತು ರಾತ್ರಿ ಎಂಟು ಗಂಟೆ. ತಾತ ಸ್ವಲ್ಪ ಯೋಚಿಸಿ, “ಎಂಟು ಗಂಟೆ ಅಂದರೆ ಪಂಚಾಯಿತಿ ರೇಡಿಯೊ ನಿಲ್ಲಿಸೋ ಹೊತ್ತು. ಆಗ ರೋಹಿಣಿ ನೆತ್ತೀಲಿರುತ್ತೆ” ಎಂದರು. ಆ ರಾತ್ರಿ ರೋಹಿಣಿ ನೆತ್ತಿಗೆ ಬಂದ ಹೊತ್ತಿನಲ್ಲಿಯೇ ಅದೂ ಬಂದಿತು. ತಾತ ಅದು ಮರೆಯಾಗುವವರೆಗೂ ನೋಡಿ, “ಹೇಳಿದ ಹೊತ್ತಿಗೆ ಬಂತು. ಇದೂ ಲೆಕ್ಕದ್ದೇ” ಎಂದು ಹೇಳಿ ಕಂಬಳಿ ಹೊದ್ದು ಮಲಗಿದರು. ಗ್ರಹಣಕ್ಕೆ ಅವರು ಕೊಡುತ್ತಿದ್ದ ಮರ್ಯಾದೆಯನ್ನೇ ಆ ಬಲೂನಿಗೂ ಕೊಟ್ಟರೆಂದು ನನಗೆ ಈಗ ಅರ್ಥವಾಗುತ್ತದೆ.

ನಾವು ಕಂಡದ್ದು ‘ಎಕೋ’ ಎಂಬ ಉಪಗ್ರಹ. ಹೆಸರಿನ ಅರ್ಥ ಮಾರ್ದನಿ. 1960ರ ಆಗಸ್ಟ್ 12ರಂದು ಅದನ್ನು ಹಾರಿಸಿದರು. ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಅಲ್ಯುಮಿನಿಯಮ್ಮಿನ ಲೇಪ ಕೊಟ್ಟು ಮಾಡಿದ, ಸುಮಾರು 30 ಮೀಟರ್ ಅಗಲದ ಗೋಲ ಅದು. ಭೂಮಿಯಿಂದ ಕಳುಹಿಸಿದ ರೇಡಿಯೊ ಅಲೆಗಳು ಅದಕ್ಕೆ ತಾಗಿ ಹಿಂದಿರುಗಿ ಮತ್ತೊಂದೆಡೆ ಕೇಳಿಸಬೇಕೆಂಬುದು ಉದ್ದೇಶ. ರೇಡಿಯೊ ಅಲೆಗಳಿಗೆ ಕನ್ನಡಿಯಾದದ್ದು ಸೂರ್ಯನ ಬೆಳಕಿಗೂ ಕನ್ನಡಿಯಾಯಿತು. ಆದಕಾರಣವೇ ಅದು ಲೋಕದ ಎಷ್ಟೋ ದೇಶಗಳ ಜನಕ್ಕೆ ಬರಿಗಣ್ಣಿಗೆ ಕಂಡಿತು. ವಿಶೇಷವೆಂದರೆ, ಅದನ್ನು ನಮಗೆ ತೋರಿಸಿದ ಬಿಸಿಲೇ ಅದನ್ನು ಅಷ್ಟಿಷ್ಟು ತಳ್ಳುತ್ತಲೂ ಇದ್ದಿತು. ಬೆಳಕಿಗೆ ಒತ್ತಡವುಂಟೆಂಬುದು ಅದರ ಹಾದಿ ಬದಲಾದುದರಿಂದ ಸ್ಪಷ್ಟವಾಗಿ ತಿಳಿದುಬಂದಿತು. 1968ರಲ್ಲಿ ಎಕೋ ವಾಯುಮಂಡಲಕ್ಕೆ ಇಳಿದು ಉರಿದುಹೋಯಿತು.

ಉಪಗ್ರಹಕ್ಕೆ ನಮ್ಮ ಕಣ್ಣಿಗೆ ಬೀಳುವಂಥ ಸ್ವಂತ ದೀಪವಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಸಂಜೆ ಅಂಗಳಕ್ಕೆಲ್ಲ ನೆರಳು ಬಿದ್ದ ಮೇಲೂ ತೆಂಗಿನ ಮರದ ಸುಳಿಯ ಮೇಲೆ ಬಿಸಿಲು ಉಳಿದಿರುವುದನ್ನು ನೀವು ನೋಡಿದ್ದೀರಿ. ಉಪಗ್ರಹವೂ ಅಂಥ ಎತ್ತರದ ಸುಳಿ. ನಮಗೆ ಸೂರ್ಯ ಮುಳುಗಿದ್ದಾನೆ, ಅದಕ್ಕೆ ಇನ್ನೂ ಮುಳುಗಿಲ್ಲ. ನಾವು ಕತ್ತಲೆಯಲ್ಲಿರಬೇಕು, ಅದು ಬಿಸಿಲಿನಲ್ಲಿರಬೇಕು. ಈ ಎರಡೂ ಕೂಡಿಬಂದಾಗ ಮಾತ್ರ ದರ್ಶನ. ನಡುರಾತ್ರಿಯಲ್ಲಿ ಅವು ತಲೆಯ ಮೇಲೆ ಹಾಯುತ್ತಿದ್ದರೂ ಭೂಮಿಯ ನೆರಳಿನೊಳಗೆ ಇರುವುದರಿಂದ ಕಾಣುವುದಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ವಿಶೇಷವನ್ನು ಹೇಳಬೇಕು. ಇಂಗ್ಲೆಂಡಿನಂಥ ಉತ್ತರದ ದೇಶಗಳಲ್ಲಿ ಬೇಸಗೆಯ ಸೂರ್ಯ ದಿಗಂತದ ಕೆಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲವಾಗಿ ಅಲ್ಲಿ ರಾತ್ರಿಯುದ್ದಕ್ಕೂ ಉಪಗ್ರಹಗಳು ಕಾಣಸಿಗುತ್ತವೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಕತ್ತಲೆ ಬೇಗ ಕವಿಯುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ ನೆತ್ತಿಯ ಮೇಲೆ ಹಾಯುವ ವಸ್ತುವಿಗೆ ಸೂರ್ಯಾಸ್ತದ ಬಳಿಕ ಸುಮಾರು 80 ನಿಮಿಷಗಳವರೆಗೆ ಬಿಸಿಲು ತಾಗುತ್ತಿರುತ್ತದೆ. ಅದರಲ್ಲಿ ಮೊದಲ ಅರ್ಧಗಂಟೆ ಆಕಾಶವೇ ಬೆಳ್ಳಗಿರುತ್ತದೆ. ಉಳಿಯುವುದು ಮುಕ್ಕಾಲು ಗಂಟೆಗೆ ಸ್ವಲ್ಪ ಹೆಚ್ಚು. ಬೆಳಗಿನ ಜಾವ, ಸೂರ್ಯೋದಯಕ್ಕೆ ಮುನ್ನ, ಇಷ್ಟೇ ಅವಧಿ ಇನ್ನೊಮ್ಮೆ ಸಿಗುತ್ತದೆ. ಇನ್ನೂ ಎತ್ತರದಲ್ಲಿ ಸುತ್ತುವಂಥವು ಮತ್ತಷ್ಟು ಹೊತ್ತು ಕಾಣುತ್ತವೆ; ಸುಮಾರು 1600 ಕಿಲೋಮೀಟರ್ ಎತ್ತರದಲ್ಲಿದ್ದ ಎಕೋ ನಮಗೆ ಎಂಟು ಗಂಟೆಗೂ ಕಂಡದ್ದು ಹಾಗೆ. ಮಳೆಗಾಲದಲ್ಲಿ ಮೋಡಗಳ ಕಾಟ. ಕಾರ್ತಿಕದಿಂದ ಮಾಘದವರೆಗೆ ನಮ್ಮ ಬಯಲುಸೀಮೆಯ ಆಕಾಶ ಈ ನೋಟಕ್ಕೆ ಪ್ರಶಸ್ತವಾದುದು.

ಗುರುತಿಸುವುದು ಕಷ್ಟವಲ್ಲ. ಕೆಂಪು, ಹಸುರು ದೀಪಗಳು ಹತ್ತಿ ಆರುತ್ತಿದ್ದರೆ ಅದು ವಿಮಾನ. ಹತ್ತಿರ ಬಂದರೆ ಸದ್ದೂ ಕೇಳೀತು. ಕ್ಷಣಾರ್ಧದಲ್ಲಿ ಗೆರೆ ಎಳೆದು ಮಾಯವಾದರೆ ಅದು ಉಲ್ಕೆ. ಉಪಗ್ರಹದ ಬೆಳಕು ಸ್ಥಿರವಾದುದು; ಆಕಾಶವನ್ನು ಹಾಯಲು ಅದಕ್ಕೆ ಕೆಲವು ನಿಮಿಷಗಳು ಬೇಕು. ಕೆಲವು ಚುಕ್ಕಿಗಳು ಒಂದೇ ಅಂತರದಲ್ಲಿ ಹೊಳೆದು ಮಂಕಾಗಿ ಮತ್ತೆ ಹೊಳೆಯುವುದುಂಟು. ಅವು ಹೆಚ್ಚಾಗಿ ಕೆಲಸ ಮುಗಿದು ಮಗುಚಿ ಮಗುಚಿ ಉರುಳುತ್ತಿರುವ ರಾಕೆಟ್ಟಿನ ತುಂಡುಗಳು. ಬಹುಪಾಲು ಉಪಗ್ರಹಗಳನ್ನು ಭೂಮಿ ತಿರುಗುವ ದಿಕ್ಕಿನಲ್ಲಿಯೇ ಹಾರಿಸುವುದರಿಂದ ಅವು ಪಶ್ಚಿಮದಿಂದ ಪೂರ್ವದ ಕಡೆಗೆ ನಡೆಯುತ್ತವೆ. ಭೂಮಿಯ ಚಿತ್ರ ತೆಗೆಯುವಂಥವು ಉತ್ತರ ದಕ್ಷಿಣವಾಗಿ ಧ್ರುವಗಳ ಮೇಲೆ ಸಾಗುತ್ತವೆ.

ಹೊಸಬರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಿಂದ ತೊಡಗುವುದು ಒಳ್ಳೆಯದು. 1998ರಲ್ಲಿ ಅದರ ಮೊದಲ ಭಾಗವನ್ನು ಹಾರಿಸಿದರು. 2000ದ ನವೆಂಬರಿನಿಂದ ಅದರಲ್ಲಿ ಮನುಷ್ಯರು ಇಲ್ಲದ ದಿನವಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ 109 ಮೀಟರ್ ಉದ್ದ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅನುಕೂಲವಾದ ದಿನ ಅದು ಶುಕ್ರನಿಗೆ ಸಮನಾಗಿ ಬೆಳಗುತ್ತದೆ. ಆ ವೇಗದಲ್ಲಿ ಬೀದರಿನ ಅಕ್ಷಾಂಶದಿಂದ ಚಾಮರಾಜನಗರದ ಅಕ್ಷಾಂಶಕ್ಕೆ ಇರುವ ದೂರ ಅದಕ್ಕೆ ಒಂದೂವರೆ ನಿಮಿಷದ ಹಾದಿ. ಅಷ್ಟು ಎತ್ತರದಲ್ಲಿರುವುದರಿಂದ ಈ ಎರಡೂ ಊರಿನವರು ಒಂದೇ ಕ್ಷಣದಲ್ಲಿ ಅದನ್ನು ನೋಡಲೂಬಹುದು. 2021ರಿಂದ ಚೀನದ ತಿಯಾನ್‌ಗಾಂಗ್ ನಿಲ್ದಾಣವೂ ಹೀಗೆ ಸುತ್ತುತ್ತಿದೆ.

ಇಂದಿನ ದಿನ ಮೊಬೈಲ್ ಫೋನಿನಲ್ಲಿ ಊರಿನ ಹೆಸರು ಕೊಟ್ಟರೆ ನಿಲ್ದಾಣ ಹಾಯುವ ಸಮಯ ಸಿಗುತ್ತದೆ. ಅದರಲ್ಲಿ ಗಮನಿಸಬೇಕಾದವು ಮೂರು: ಹುಟ್ಟುವ ಹೊತ್ತು ಮತ್ತು ದಿಕ್ಕು, ಏರುವ ಎತ್ತರ, ಮರೆಯಾಗುವ ದಿಕ್ಕು. ಎತ್ತರವನ್ನು ಡಿಗ್ರಿಗಳಲ್ಲಿ ಹೇಳಿರುತ್ತಾರೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸೂರ್ಯ ಮುಳುಗಿದ ಜಾಗವನ್ನು ನೋಡಿಟ್ಟುಕೊಂಡರೆ ಉಳಿದ ದಿಕ್ಕುಗಳು ತಾವಾಗಿಯೇ ತಿಳಿಯುತ್ತವೆ. ಮಾಳಿಗೆಯ ದೀಪವನ್ನು ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕಾಲುಗಂಟೆ ಮೊದಲೇ ಹೋಗಿ ಕುಳಿತುಕೊಳ್ಳಿ.

ಆ ಬೆಳಕಿನಲ್ಲಿ ನಮ್ಮ ನಾಡಿನ ಪಾಲೂ ಒಮ್ಮೆ ಇದ್ದಿತು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣದಲ್ಲಿದ್ದಾಗ ಹೆಸರುಕಾಳು ಮತ್ತು ಮೆಂತ್ಯದ ಕಾಳುಗಳನ್ನು ಅಲ್ಲಿ ಮೊಳಕೆ ಬರಿಸಿದರು. ಆ ಪ್ರಯೋಗವನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮತ್ತು ಅದೇ ಊರಿನ ಐಐಟಿಯವರು. ನಮ್ಮ ಅಡುಗೆಮನೆಯ ಮೆಂತ್ಯ ಆಕಾಶದಲ್ಲಿ ಕಣ್ಣು ಬಿಡುತ್ತಿದ್ದಿತು. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು 1980ರ ದಶಕದಿಂದ ಕಾಯುತ್ತ ಬಂದಿರುವ ಉಪಗ್ರಹಗಳು ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಅವು ಸುಮಾರು 36,000 ಕಿಲೋಮೀಟರ್ ದೂರದಲ್ಲಿ, ಭೂಮಿಯೊಡನೆಯೇ ತಿರುಗುತ್ತ, ನಮ್ಮ ಪಾಲಿಗೆ ಒಂದೇ ಕಡೆ ನಿಂತಿರುವಂಥವು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿಸಿದ ಆರ್ಯಭಟವೂ ಬರಿಗಣ್ಣಿಗೆ ಸಿಗುವ ಗಾತ್ರದ್ದಾಗಿರಲಿಲ್ಲ. ಅದು 1992ರಲ್ಲಿ ವಾಯುಮಂಡಲಕ್ಕೆ ಮರಳಿತು.

ಇಷ್ಟನ್ನು ತಿಳಿದು ನೋಡಿದರೆ ಸಂತೋಷವೇನೋ ಆಗುತ್ತದೆ. ಆದರೆ ‘ಕಂಡೆ’ ಎಂಬುದಕ್ಕೂ ‘ಇಲ್ಲಿ ಕಂಡೆ’ ಎಂಬುದಕ್ಕೂ ಬಹಳ ಅಂತರವಿದೆ. ಸ್ಪುಟ್ನಿಕ್ 1957ರ ಅಕ್ಟೋಬರ್ 4ರಂದು ಹಾರಿದಾಗ, ಹಾರಿದ ವಸ್ತು ಎಲ್ಲಿದೆಯೆಂದು ಕಂಡುಹಿಡಿಯುವುದೇ ಒಂದು ಸಮಸ್ಯೆಯಾಗಿತ್ತು. ಅಮೆರಿಕದ ಸ್ಮಿತ್‌ಸೋನಿಯನ್ ವೀಕ್ಷಣಾಲಯದ ಫ್ರೆಡ್ ವಿಪ್ಪಲ್ ಅವರು ಇದಕ್ಕೆಂದೇ ‘ಮೂನ್‌ವಾಚ್’ ಎಂಬ ಹವ್ಯಾಸಿಗಳ ತಂಡಗಳನ್ನು ಕಟ್ಟಿದ್ದರು. ಆ ಯೋಜನೆ 1975ರವರೆಗೂ ನಡೆಯಿತು. ಅದೇ ವೀಕ್ಷಣಾಲಯದ ದೊಡ್ಡ ಕ್ಯಾಮೆರಾಗಳಲ್ಲಿ ಒಂದನ್ನು ನಮ್ಮ ನೈನಿತಾಲಿನಲ್ಲಿ ಸ್ಥಾಪಿಸಿದ್ದರು. ಇಂಗ್ಲೆಂಡಿನ ಡೆಸ್ಮಂಡ್ ಕಿಂಗ್-ಹೀಲಿ ಎಂಬ ವಿಜ್ಞಾನಿ ಹವ್ಯಾಸಿಗಳು ಕಳುಹಿಸಿದ ವೀಕ್ಷಣೆಗಳನ್ನೂ ಬಳಸಿ ಉಪಗ್ರಹಗಳ ಹಾದಿಯನ್ನು ಲೆಕ್ಕಹಾಕಿ, ಮೇಲಣ ವಾಯುಮಂಡಲದ ಸಾಂದ್ರತೆಯನ್ನೂ ಭೂಮಿಯ ಆಕಾರವನ್ನೂ ಕುರಿತು ಹೊಸ ಸಂಗತಿಗಳನ್ನು ತಿಳಿಸಿದರು. ಆ ಹವ್ಯಾಸಿಗಳ ಕೈಯಲ್ಲಿದ್ದುದು ದುರ್ಬೀನು ಮತ್ತು ಸ್ಟಾಪ್‌ವಾಚು. ಅವರು ಬರೆದಿಡುತ್ತಿದ್ದುದು ಎರಡೇ ವಿಷಯ: ಯಾವ ಕ್ಷಣದಲ್ಲಿ, ಯಾವ ನಕ್ಷತ್ರಗಳ ನಡುವೆ. ಆಕಾಶದಲ್ಲಿ ಮೈಲುಗಲ್ಲುಗಳಿಲ್ಲ, ನಕ್ಷತ್ರಗಳೇ ಮೈಲುಗಲ್ಲುಗಳು. ನಿಂತ ಚುಕ್ಕಿಯ ಹೆಸರು ಗೊತ್ತಿಲ್ಲದವನು ನಡೆಯುವ ಚುಕ್ಕಿಯ ವಿಷಯವನ್ನು ಇನ್ನೊಬ್ಬನಿಗೆ ಹೇಳಲಾರ.

ಈ ಮಾತು ನನಗೆ ಪುಸ್ತಕದಿಂದ ತಿಳಿದುದಲ್ಲ. ಒಂದು ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನಿಂದ ನನ್ನ ಮೊಮ್ಮಗಳು ಹಾಸನದ ನಮ್ಮ ಮನೆಗೆ ಬಂದಿದ್ದಳು. ಅವಳೂ ಹತ್ತು ವರ್ಷದವಳು. ನನ್ನ ಎರಡು ಕಣ್ಣುಗಳಲ್ಲಿಯೂ ದೃಷ್ಟಿ ಮಂಕಾಗಿದೆ. ಶಸ್ತ್ರಚಿಕಿತ್ಸೆಯಾದ ಮೇಲೂ ಹೆಚ್ಚಿನ ಗುಣವಿಲ್ಲ. ಚಂದ್ರ ಕಾಣುತ್ತಾನೆ, ನಕ್ಷತ್ರಗಳು ಕಾಣುವುದಿಲ್ಲ. ಸಂಜೆ ಏಳು ಗಂಟೆ ಆರು ನಿಮಿಷಕ್ಕೆ ನಿಲ್ದಾಣ ನೈಋತ್ಯದಲ್ಲಿ ಹುಟ್ಟುತ್ತದೆಂದು ಅವಳು ಫೋನಿನಲ್ಲಿ ನೋಡಿ, ನನ್ನನ್ನು ಕೈಹಿಡಿದು ಮಾಳಿಗೆಗೆ ಕರೆದುಕೊಂಡು ಹೋದಳು. “ಬಂತು ತಾತ!” ಎಂದು ಕುಣಿದಳು. ಮೂರು ನಿಮಿಷ ಕಳೆದಿರಬೇಕು, ಇದ್ದಕ್ಕಿದ್ದಂತೆ ಅವಳ ದನಿ ಇಳಿಯಿತು. “ತಾತ, ಆಕಾಶದ ಮಧ್ಯದಲ್ಲೇ ಆರಿಹೋಯ್ತು. ಬಿದ್ದುಹೋಯ್ತಾ?” ಎಂದಳು.

1979ರ ಜುಲೈಯಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದು ನಮ್ಮ ಊರುಗಳಲ್ಲಿ ಹಬ್ಬಿದ ಭಯ ನನಗೆ ನೆನಪಿತ್ತು. ಅದು ಕೊನೆಗೆ ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದಲ್ಲಿ. “ಬಿದ್ದಿಲ್ಲ ಪುಟ್ಟಿ, ನೆರಳಿಗೆ ಹೋಯಿತು. ಈಗ ಅದಕ್ಕೂ ಸೂರ್ಯ ಮುಳುಗಿದ” ಎಂದು ಸಮಾಧಾನ ಹೇಳಿ, ಎಲ್ಲಿ ಆರಿತು ಎಂದು ಕೇಳಿದೆ. “ಅಲ್ಲಿ” ಎಂದಳು. ಅಲ್ಲಿ ಎಂದರೆ ಎಲ್ಲಿ? “ಅಲ್ಲೇ ತಾತ, ಅಲ್ಲಿ” ಎಂದು ನನ್ನ ಕೈಯನ್ನು ಹಿಡಿದೆತ್ತಿ ತೋರಿಸಿದಳು. ಅವಳಿಗೆ ಕಣ್ಣಿತ್ತು, ಹೆಸರಿರಲಿಲ್ಲ. ನನಗೆ ಹೆಸರುಗಳೆಲ್ಲ ಇದ್ದವು, ಕಣ್ಣಿರಲಿಲ್ಲ. ತಾನು ಕಂಡದ್ದನ್ನು ನನಗೆ ಕೊಡಬೇಕೆಂದು ಆ ಮಗುವಿಗೆ ಎಷ್ಟು ಆಸೆಯಿತ್ತೋ, ಕೊಡಲು ಅವಳ ಬಳಿ ‘ಅಲ್ಲಿ’ ಎಂಬ ಒಂದೇ ಒಂದು ಮಾತಿತ್ತು.

ತಪ್ಪು ಅವಳದಲ್ಲ. ಅವಳು ಬೆಳೆದ ಬೀದಿಯಲ್ಲಿ ರಾತ್ರಿಯೆಂಬುದು ಬರುವುದೇ ಇಲ್ಲ. ಒಳ್ಳೆಯ ಕತ್ತಲೆಯಲ್ಲಿ ಒಂದು ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಕಣ್ಣಿಗೆ ಕಾಣುವಲ್ಲಿ ದೊಡ್ಡ ನಗರದಲ್ಲಿ ಕೆಲವು ಹತ್ತುಗಳು ಮಾತ್ರ ಉಳಿದಿವೆ. ಇತ್ತ ನಡೆಯುವ ಚುಕ್ಕಿಗಳು ಹೆಚ್ಚುತ್ತಿವೆ. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್ ಎಂಬ ಹೆಸರಿನ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದರು. ಹಾರಿಸಿದ ಮೊದಲ ದಿನಗಳಲ್ಲಿ ಅವು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಸಾಗುವುದನ್ನು ಕಂಡು ಬೆರಗಾದವರು, ಬೆದರಿದವರು ನಮ್ಮಲ್ಲಿಯೂ ಉಂಟು. ಇಂಟರ್ನೆಟ್ಟಿಗಾಗಿ ಅಂಥವು ಈಗ ಸಾವಿರ ಸಾವಿರ ಸಂಖ್ಯೆಯಲ್ಲಿವೆ. ಇಡೀ ಆಕಾಶದಲ್ಲಿ ಬರಿಗಣ್ಣಿಗೆ ನಿಲುಕುವ ನಕ್ಷತ್ರಗಳು ಆರು ಸಾವಿರದಷ್ಟಿದ್ದರೆ, ಕೆಲಸ ಮಾಡುತ್ತಿರುವ ಉಪಗ್ರಹಗಳೇ ಹತ್ತು ಸಾವಿರವನ್ನು ದಾಟಿವೆ. ಅವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದಿದ್ದರೂ ದೂರದರ್ಶಕಗಳ ಚಿತ್ರಗಳ ಮೇಲೆ ಗೆರೆ ಎಳೆಯುತ್ತವೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಈ ತೊಂದರೆಯನ್ನು ಎದುರಿಸಲೆಂದೇ 2022ರಲ್ಲಿ ಒಂದು ಕೇಂದ್ರವನ್ನು ತೆರೆಯಿತು. ಅದೇ ವರ್ಷ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಘೋಷಿಸಿದರು. ಅಲ್ಲಿಯ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು.

ಉಪಗ್ರಹಗಳು ಬೇಡವೆಂದು ನಾನು ಹೇಳಲಾರೆ. ಚಂಡಮಾರುತದ ಮುನ್ಸೂಚನೆಯನ್ನು, ಮೀನುಗಾರನ ದಾರಿಯನ್ನು ಅವು ತೋರಿಸುತ್ತವೆ. ನನ್ನ ಅಳುಕು ಇಷ್ಟೇ: ನಿಂತ ಚುಕ್ಕಿಗಳೆಲ್ಲ ಬೀದಿದೀಪದಲ್ಲಿ ಮುಳುಗಿ, ನಾವು ಹಾರಿಸಿದವು ಮಾತ್ರ ಉಳಿದ ಆಕಾಶದಲ್ಲಿ ಮಕ್ಕಳು ಏನನ್ನು ಕಂಡರೂ ‘ಅಲ್ಲಿ’ ಎಂದಷ್ಟೇ ಹೇಳಬೇಕಾದೀತು. ಹಾನ್ಲೆಯಷ್ಟು ಕತ್ತಲೆ ನಮಗೆ ಸಿಗದು. ಮಾಳಿಗೆಯ ದೀಪವನ್ನು ಆರಿಸುವುದು, ಹೊರದೀಪಕ್ಕೆ ಮೇಲಿಂದ ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸುವುದು ನಮ್ಮ ಕೈಯಲ್ಲಿಯೇ ಇದೆ.

ಆ ರಾತ್ರಿ ನಾನು ಮೊಮ್ಮಗಳನ್ನು ಬೀದಿದೀಪ ಬೀಳದ ಹಿತ್ತಲಿಗೆ ಕರೆದುಕೊಂಡು ಹೋದೆ. ಮೂಡಣದಲ್ಲಿ, ನಾಲ್ಕು ಮುಷ್ಟಿಯಷ್ಟು ಮೇಲೆ, ಹೊಗೆಯ ತುಣುಕಿನಂಥದು ಇದೆಯೇ ನೋಡು ಎಂದೆ. ಮೊದಲು ಇಲ್ಲವೆಂದಳು, ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಒಂದೊಂದಾಗಿ ಆರು ಚುಕ್ಕಿಗಳನ್ನು ಎಣಿಸಿದಳು. ಅದು ಕೃತ್ತಿಕೆ. ನಿಲ್ದಾಣ ಆರಿದ್ದು ಅದರ ಮಗ್ಗುಲಲ್ಲಿಯೇ ಎಂದು ಅವಳಿಗೆ ಆಗ ಹೊಳೆಯಿತು. ಅದರ ಕೆಳಗಿನ ಕೆಂಬಣ್ಣದ್ದು ರೋಹಿಣಿ, ವಾಯವ್ಯದಲ್ಲಿ ಇಳಿಯುತ್ತಿರುವುದು ಅಭಿಜಿತ್, ಬಡಗಣ ದಿಕ್ಕಿನಲ್ಲಿ ಮುಷ್ಟಿಗಿಂತ ತುಸು ಮೇಲೆ ಒಂಟಿಯಾಗಿರುವುದು ಧ್ರುವ ಎಂದು ತಾತ ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದೆ.

ಎರಡು ದಿನಗಳ ನಂತರ ನಿಲ್ದಾಣ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೊಂದು ಹಾದಿಯಲ್ಲಿ ಬಂದಿತು. ನಾನು ಕುರ್ಚಿಯಲ್ಲಿ ಕುಳಿತು ಕಣ್ಣುಮುಚ್ಚಿಕೊಂಡಿದ್ದೆ. “ಪಡುವಣದಲ್ಲಿ ಹುಟ್ಟಿತು ತಾತ. ಈಗ ಅಭಿಜಿತ್ ಮೇಲಿದೆ. ಧ್ರುವನ ಕಡೆ ಹೋಗ್ತಾ ಇದೆ. ಧ್ರುವನಿಗೆ ತಾಗಲಿಲ್ಲ, ಸ್ವಲ್ಪ ಮೇಲೆ ಹೋಯ್ತು. ಇವತ್ತು ಆರಲೇ ಇಲ್ಲ” ಎಂದು ಅವಳು ಹೇಳುತ್ತ ಹೋದಳು. ಅವಳ ಮಾತಿನ ಜೊತೆಯಲ್ಲಿಯೇ ನಾನು ಆ ಹಾದಿಯುದ್ದಕ್ಕೂ ನಡೆದೆ. ಒಂದು ಕಡೆಯೂ ತಪ್ಪಲಿಲ್ಲ.

ಈ ನಿಲ್ದಾಣಕ್ಕೂ ಆಯುಷ್ಯವುಂಟು. 2030ರ ಬಳಿಕ ಅದನ್ನು ಶಾಂತಸಾಗರದಲ್ಲಿ ಇಳಿಸಿಬಿಡುವ ಯೋಜನೆಯಿದೆ. ಅಷ್ಟರೊಳಗಾಗಿ ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಮನೆಯ ಮಕ್ಕಳೊಡನೆ ಮಾಳಿಗೆಗೆ ಹೋಗಿ. ಅದು ಬರುವುದಕ್ಕೆ ಕಾಲುಗಂಟೆ ಮೊದಲೇ ಹೋಗಿ, ಕಾಯುವ ಆ ಹೊತ್ತಿನಲ್ಲಿ ನಿಂತ ಚುಕ್ಕಿಗಳಲ್ಲಿ ಮೂರರ ಹೆಸರನ್ನಾದರೂ ಅವರಿಗೆ ಹೇಳಿಕೊಡಿ. ನಿಮಗೆ ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಬಹಳ ದಿನಗಳಿಂದ ಯಾರಾದರೂ ಕೇಳಲೆಂದು ಕಾದಿರಬಹುದು.